ಬಾಗಿಲು ಎಳೆದ ಮೇಲಿನ ಅರ್ಧ ಗಂಟೆ: ನಾಯಿಯ ಅಗಲಿಕೆ ಆತಂಕಕ್ಕೆ ದೋಷ ನಿವಾರಣೆ ಕೈಪಿಡಿ

ದೂರು ಸಾಮಾನ್ಯವಾಗಿ ಪಕ್ಕದ ಮನೆಯಿಂದ ಬರುತ್ತದೆ. "ನೀವು ಅತ್ತ ಹೋದ ಕೂಡಲೇ ನಿಮ್ಮ ನಾಯಿ ಊಳಿಡ್ಲಿಕ್ಕೆ ಶುರು ಮಾಡ್ತದೆ ಮಾರಾಯ್ರೆ" ಎಂದು ಲಿಫ್ಟಿನ ಬಳಿ ಯಾರೋ ಹೇಳಿದ ಮೇಲೆಯೇ ಮನೆಯವರಿಗೆ ವಿಷಯ ಗೊತ್ತಾಗುವುದು. ಇನ್ನು ಕೆಲವರಿಗೆ ಸಂಜೆ ಬಂದು ಬಾಗಿಲು ತೆಗೆದಾಗ ಗೊತ್ತಾಗುತ್ತದೆ. ದಾರಂದ ಕೆರೆದು ಮರದ ಸಿಬಿರು ಎದ್ದಿರುತ್ತದೆ, ಟೈಲ್ಸ್ ಮೇಲೆ ಜೊಲ್ಲು ಒಣಗಿ ಅಂಟಾಗಿರುತ್ತದೆ, ಬೆಳಿಗ್ಗೆ ಇಟ್ಟುಹೋದ ಗಂಜಿ ಮುಟ್ಟಿದವರಿಲ್ಲದೆ ಹಳಸಿರುತ್ತದೆ.

ಇದನ್ನು ನೋಡಿದ ಕೂಡಲೇ ಹೆಚ್ಚಿನವರು ಪರಿಹಾರಕ್ಕೆ ಕೈ ಹಾಕುತ್ತಾರೆ. ಬೈಯುತ್ತಾರೆ, ಕಟ್ಟಿ ಹಾಕುತ್ತಾರೆ, ಗೂಡು ತರುತ್ತಾರೆ, ಜೊತೆಗಿರಲಿ ಎಂದು ಇನ್ನೊಂದು ಮರಿ ತರುತ್ತಾರೆ. ಇವುಗಳಲ್ಲಿ ಯಾವುದನ್ನೂ ಮಾಡುವ ಮೊದಲು ದೋಷ ಎಲ್ಲಿದೆ ಎಂದು ಹುಡುಕಬೇಕು. ನೀವಿಲ್ಲದಾಗ ನಾಯಿ ಬೊಗಳುವುದಕ್ಕೆ ಹತ್ತು ಕಾರಣಗಳಿರಬಹುದು. ಅಗಲಿಕೆಯ ಆತಂಕ, ಅಂದರೆ ಮನೆಯವರು ಬಿಟ್ಟುಹೋದಾಗ ಹುಟ್ಟುವ ದಿಗಿಲು, ಅವುಗಳಲ್ಲಿ ಒಂದು ಮಾತ್ರ, ಮತ್ತು ಅದರ ಚಿಕಿತ್ಸೆ ಉಳಿದ ಒಂಬತ್ತರ ಚಿಕಿತ್ಸೆಗಿಂತ ಪೂರ್ತಿ ಬೇರೆ.

ಮೊದಲ ಕೆಲಸ: ವಿಡಿಯೊ

ವಿಡಿಯೊ ಇಲ್ಲದೆ ಪತ್ತೆ ಕಾರ್ಯ ಇಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆ ಮೊಬೈಲ್ ಸಾಕು. ಮುಂಬಾಗಿಲು ಮತ್ತು ನಾಯಿ ಮಲಗುವ ಜಾಗ ಎರಡೂ ಕಾಣುವಂತೆ ಅದನ್ನು ನಾಯಿಗೆ ಎಟುಕದ ಎತ್ತರದಲ್ಲಿ ಡಬ್ಬಿಗೆ ಒರಗಿಸಿಡಿ. ವಾಟ್ಸ್ಆ್ಯಪ್ ವಿಡಿಯೊ ಕಾಲ್ ಹಾಕಿ ಹೊರಗಿನಿಂದ ನೋಡುವುದಾದರೆ ನಿಮ್ಮ ಕಡೆ ಮ್ಯೂಟ್ ಮಾಡಿ, ಮನೆಯಲ್ಲಿರುವ ಫೋನಿನ ಧ್ವನಿಯನ್ನೂ ಸೊನ್ನೆಗೆ ಇಳಿಸಿ. ನಿಮ್ಮ ದನಿ ಕೇಳಿದರೆ ಪರೀಕ್ಷೆ ಕೆಟ್ಟಿತು. ಕರೆಂಟು ಹೋದರೆ ವೈಫೈ ಸಹ ಹೋಗುತ್ತದೆ, ಆದ್ದರಿಂದ ಮೊಬೈಲ್ ಡೇಟಾದಲ್ಲೇ ಕರೆ ಮಾಡುವುದು ಒಳ್ಳೆಯದು.

ದಿನವೂ ಹೇಗೆ ಹೊರಡುತ್ತೀರೋ ಹಾಗೆಯೇ ಹೊರಡಿ. ಅದೇ ಹೊತ್ತು, ಅದೇ ಚಪ್ಪಲಿ, ಅದೇ ಹೆಲ್ಮೆಟ್, ಅದೇ ಸ್ಕೂಟರ್. ಬಾಗಿಲ ಹೊರಗೆ ನಿಂತು ಕಿವಿಗೊಟ್ಟರೆ ನಾಯಿಗೆ ವಾಸನೆಯಿಂದಲೇ ನೀವಿರುವುದು ಗೊತ್ತಾಗುತ್ತದೆ. ಕನಿಷ್ಠ 30 ನಿಮಿಷ ದೂರ ಇರಿ. ಎರಡು ಮೂರು ದಿನ ಹೀಗೆ ಮಾಡಿ. ಆದರೆ ನಾಯಿ ಗಾಬರಿಯಲ್ಲಿ ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ ಮೊದಲ ದಿನದ ವಿಡಿಯೊ ಸಾಕು, ಕೂಡಲೇ ಹಿಂದೆ ಬನ್ನಿ.

ಆಮೇಲೆ ಕೂತು ನಿಮಿಷ ನಿಮಿಷವಾಗಿ ಬರೆದುಕೊಳ್ಳಿ. ನಿಜವಾದ ಅಗಲಿಕೆಯ ಆತಂಕದ ದಾಖಲೆ ಹೆಚ್ಚುಕಡಿಮೆ ಹೀಗಿರುತ್ತದೆ:

8.40 – ಬಾಗಿಲು ಮುಚ್ಚಿತು.
8.41 – ಬಾಗಿಲ ಸಂದಿಗೆ ಮೂಗು. ಕಿವಿ ಹಿಂದಕ್ಕೆ. ತುಟಿ ನೆಕ್ಕುತ್ತಿದೆ.
8.42 – ಸ್ಕೂಟರ್ ಸ್ಟಾರ್ಟ್ ಆದ ಸದ್ದು. ಕಿಟಕಿಗೆ ಓಟ.
8.44 – ಕುಂಯ್‌ಗುಡಲು ಶುರು. ಒಂದು ಮುಂಗಾಲು ಎತ್ತಿ ನಿಂತಿದೆ.
8.47 – ಮೊದಲ ಊಳು.
9.15ರ ತನಕ – ಬಾಗಿಲಿಗೂ ಕಿಟಕಿಗೂ ಓಡಾಟ. ಫ್ಯಾನಿನಡಿಯಲ್ಲೂ ತೇಕುತ್ತಿದೆ. ಒಮ್ಮೆಯೂ ಮಲಗಿಲ್ಲ. ತಟ್ಟೆಯ ಮೀನನ್ನು ಮೂಸಿ ಬಿಟ್ಟಿತು.

ಇಲ್ಲಿ ಹೆಚ್ಚಿನವರು ಗುರುತು ಹಾಕುವುದು 8.47ಕ್ಕೆ, ಊಳು ಶುರುವಾದಲ್ಲಿಗೆ. ಅದು ತಪ್ಪು. ನಾಯಿಯ ತಾಳ್ಮೆ ಮುರಿದದ್ದು 8.41ಕ್ಕೆ, ತುಟಿ ನೆಕ್ಕಿದಾಗ. ಅಂದರೆ ಈ ನಾಯಿ ಒಂಟಿಯಾಗಿ ಇರಬಲ್ಲ ಅವಧಿ ಏಳು ನಿಮಿಷ ಅಲ್ಲ, ಸುಮಾರು ಒಂದು ನಿಮಿಷ ಮಾತ್ರ. ಈ ಒಂದು ಅಂಕಿಯನ್ನು ಸರಿಯಾಗಿ ಹಿಡಿದರೆ ಮುಂದಿನ ಕೆಲಸಕ್ಕೆಲ್ಲ ಅದೇ ಅಳತೆಗೋಲು.

ಯಾವುದು ಹೌದು, ಯಾವುದು ಅಲ್ಲ

ನೀವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಗಾಬರಿ ಕಾಣಿಸಿಕೊಂಡು, ಹಾನಿಯೆಲ್ಲ ಬಾಗಿಲು, ದಾರಂದ, ಕಿಟಕಿ, ಗ್ರಿಲ್ಸ್ ಸುತ್ತಮುತ್ತ ಇದ್ದು, ಇಷ್ಟದ ತಿಂಡಿಯನ್ನೂ ಮುಟ್ಟದಿದ್ದರೆ ಅದು ಅಗಲಿಕೆಯ ಆತಂಕವೇ ಎಂದು ಧೈರ್ಯದಿಂದ ಹೇಳಬಹುದು. ಉಗುರು ಮುರಿದಿದ್ದರೆ, ಗ್ರಿಲ್ಸ್ ಕಚ್ಚಿ ಒಸಡಿನಲ್ಲಿ ರಕ್ತ ಬಂದಿದ್ದರೆ, ಬಾಲ್ಕನಿಯಿಂದ ಹಾರಲು ನೋಡಿದ್ದರೆ ಈ ಕೈಪಿಡಿಯನ್ನು ಓದಿ ಮುಗಿಸಲು ಕಾಯದೆ ಪಶುವೈದ್ಯರ ಬಳಿ ಹೋಗಿ.

ಎರಡು ಗಂಟೆ ಹಾಯಾಗಿ ಮಲಗಿ, ಆಮೇಲೆ ಎದ್ದು ಚಪ್ಪಲಿ, ದಿಂಬು, ರಿಮೋಟ್ ಹೀಗೆ ಸಿಕ್ಕಿದ್ದನ್ನೆಲ್ಲ ಅಗಿದು, ನಡುವೆ ತಟ್ಟೆ ಖಾಲಿ ಮಾಡಿ ಮತ್ತೆ ಮಲಗಿದರೆ ಅದು ಬೇಸರ. ಬೆಳಿಗ್ಗೆ ಬಿಸಿಲೇರುವ ಮೊದಲು 40 ನಿಮಿಷ ಮೂಸಿ ಮೂಸಿ ಓಡಾಡಲು ಬಿಡುವುದು, ಅಗಿಯಲು ಏನಾದರೂ ಕೊಡುವುದು, ಇಷ್ಟರಲ್ಲೇ ಅರ್ಧ ಸಮಸ್ಯೆ ಹೋಗುತ್ತದೆ.

ಬೊಗಳು ಕಂತುಕಂತಾಗಿ ಬಂದು, ಪ್ರತಿ ಸಲವೂ ಹೊರಗೆ ಕಾರಣ ಇದ್ದರೆ (ಮೀನಿನವರ ಕೂಗು, ಗ್ಯಾಸಿನ ಗಾಡಿ, ಕಂಪೌಂಡಿನ ಮೇಲೆ ಬೆಕ್ಕು) ಅದು ಕಾವಲು ಬೊಗಳು. ಕಿಟಕಿಯ ಕೆಳಭಾಗಕ್ಕೆ ಪೇಪರ್ ಅಂಟಿಸಿ ನೋಡಿ. ಹಗಲೆಲ್ಲ ಸಂಕೋಲೆಯಲ್ಲಿ ಕಟ್ಟಿ ರಾತ್ರಿ ಅಂಗಳಕ್ಕೆ ಬಿಡುವ ಪದ್ಧತಿ ನಮ್ಮ ಕರಾವಳಿ ಕಡೆ ಇನ್ನೂ ಇದೆ. ಹಾಗೆ ಕಟ್ಟಿದ ನಾಯಿ ಹಗಲಿಡೀ ಕೂಗಿದರೆ ಅದರ ಕಾರಣ ಆ ಸಂಕೋಲೆ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಗೂಡಿನಲ್ಲಿಟ್ಟರೆ ರಂಪ, ಮನೆಯೊಳಗೆ ಬಿಟ್ಟರೆ ನಿದ್ದೆ ಎಂದಾದರೆ ಅದು ಕೂಡಿಹಾಕಿದ ಭಯ. ಗೂಡು ತೆಗೆಯಿರಿ, ಮುಗಿಯಿತು.

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಅಜ್ಜಿಯನ್ನೋ ತಮ್ಮನನ್ನೋ ಮನೆಯಲ್ಲಿ ಕೂರಿಸಿ ನೀವೊಬ್ಬರೇ ಹೊರಡಿ. ನಾಯಿ ಸುಮ್ಮನಿದ್ದರೆ ಅದಕ್ಕೆ ಬೇಕಾದದ್ದು ಯಾರಾದರೂ ಒಬ್ಬರು. ಅಜ್ಜಿಯ ಕಾಲ ಬಳಿಯೇ ಇದ್ದೂ ಬಾಗಿಲನ್ನೇ ನೋಡುತ್ತ ಅತ್ತರೆ ಅದಕ್ಕೆ ಬೇಕಾದದ್ದು ನೀವು. ಮೊದಲನೆಯದು ಸುಲಭದ್ದು, ಏಕೆಂದರೆ ಚಿಕಿತ್ಸೆ ಮುಗಿಯುವ ತನಕ ಯಾರನ್ನಾದರೂ ಕೂರಿಸಿ ನಿಭಾಯಿಸಬಹುದು. ಎರಡನೆಯದರಲ್ಲಿ ಊಟ ಹಾಕುವುದು, ವಾಕಿಂಗ್, ರಾತ್ರಿ ಮಲಗಿಸುವುದು ಇವನ್ನೆಲ್ಲ ಮನೆಯ ಇತರರಿಗೂ ಸ್ವಲ್ಪ ಸ್ವಲ್ಪವಾಗಿ ಹಂಚಬೇಕಾಗುತ್ತದೆ.

ಸಿಡಿಲು, ಗರ್ನಾಲು

ಆತಂಕ ದಿನವೂ ಇದೆಯೋ ಕೆಲವು ದಿನ ಮಾತ್ರವೋ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕರಾವಳಿಯಲ್ಲಿ ಗುಡುಗು ಸಿಡಿಲಿನ ಅಬ್ಬರ ಜುಲೈಯ ಜಡಿಮಳೆಯಲ್ಲಿ ಅಷ್ಟಿಲ್ಲ. ಅದು ಹೆಚ್ಚು ಏಪ್ರಿಲ್–ಮೇ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್–ನವೆಂಬರಿನಲ್ಲಿ. ಕೋಲ, ಜಾತ್ರೆ, ನೇಮಗಳ ಗರ್ನಾಲು (ಜೋರಾಗಿ ಸಿಡಿಯುವ ಮದ್ದು), ದೀಪಾವಳಿ, ಚರ್ಚಿನ ಹಬ್ಬದ ಪಟಾಕಿ ಇವೆಲ್ಲ ಹೆಚ್ಚಾಗಿ ಜಡಿಮಳೆಯಿಲ್ಲದ ತಿಂಗಳುಗಳಲ್ಲಿ. ನಾಯಿ ಇಂಥ ದಿನಗಳಲ್ಲಿ ಮಾತ್ರ ಕೆಡುತ್ತಿದ್ದರೆ, ನೀವು ಮನೆಯಲ್ಲಿದ್ದಾಗಲೂ ಮಂಚದಡಿ ಸೇರುತ್ತಿದ್ದರೆ, ಮೂಲ ದೋಷ ಸದ್ದಿನ ಭಯ.

ಎರಡೂ ಒಟ್ಟಿಗೆ ಇರುವ ನಾಯಿಗಳೂ ಬೇಕಾದಷ್ಟಿವೆ. ಒಂಟಿಯಾಗಿದ್ದಾಗ ಒಂದು ದೊಡ್ಡ ಸಿಡಿಲು ಬಡಿದರೆ ಸಾಕು, "ಒಂಟಿ" ಮತ್ತು "ಸಿಡಿಲು" ನಾಯಿಯ ಮನಸ್ಸಿನಲ್ಲಿ ಗಂಟುಬೀಳುತ್ತವೆ. ಒಳ್ಳೆಯದಿದ್ದ ನಾಯಿ ಮೇ ತಿಂಗಳ ನಂತರ ಏಕಾಏಕಿ ಒಂಟಿಯಾಗಿರಲು ಒಪ್ಪದಿದ್ದರೆ ಮೊದಲು ಈ ದಿಕ್ಕಿನಲ್ಲಿ ಹುಡುಕಿ.

ದೇಹದ ದೋಷ

ಒಳಗೆ ಮೂತ್ರ ಮಾಡುವುದೇ ಮುಖ್ಯ ದೂರಾಗಿದ್ದರೆ ಪಶುವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸದೆ ಆತಂಕ ಎಂದು ತೀರ್ಮಾನಿಸಬೇಡಿ. ಮೂತ್ರನಾಳದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಎಲ್ಲವೂ ಹೀಗೆಯೇ ಕಾಣಿಸುತ್ತವೆ. ನಮ್ಮ ಸೆಕೆಗೆ ತುರಿಕೆ ಹೆಚ್ಚು, ತುರಿಕೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುವುದೂ ಹೆಚ್ಚು. ಆ ಮಾತ್ರೆ ತಿಂದ ನಾಯಿ ವಿಪರೀತ ನೀರು ಕುಡಿಯುತ್ತದೆ, ಮೂತ್ರ ಹಿಡಿದಿಡಲು ಅದಕ್ಕೆ ಆಗುವುದೇ ಇಲ್ಲ. ತಪ್ಪು ನಾಯಿಯದಲ್ಲ.

ಮರಿಗಳಿಗೆ ಒಂದು ಸರಳ ಲೆಕ್ಕ ಇದೆ: ಎಷ್ಟು ತಿಂಗಳ ಪ್ರಾಯವೋ ಅಷ್ಟಕ್ಕೆ ಒಂದು ಸೇರಿಸಿದರೆ ಬರುವಷ್ಟು ಗಂಟೆ, ಅದೂ ಹೆಚ್ಚೆಂದರೆ. ಮೂರು ತಿಂಗಳ ಮರಿಯನ್ನು ಆರು ಗಂಟೆ ಬಿಟ್ಟುಹೋಗಿ ನೆಲ ಒದ್ದೆ ಎಂದು ದೂರುವುದು ನ್ಯಾಯವಲ್ಲ.

ಉಣ್ಣಿ ಜ್ವರ ಬಂದ ನಾಯಿ ಮಂಕಾಗಿ ಮನೆಯವರಿಗೆ ಅಂಟಿಕೊಳ್ಳಬಹುದು. ಒಂಬತ್ತು ಹತ್ತು ವರ್ಷ ದಾಟಿದ ನಾಯಿಗೆ ಹೊಸದಾಗಿ ಆತಂಕ ಶುರುವಾದರೆ ಸಂಧಿನೋವು, ಕಿವಿ–ಕಣ್ಣು ಮಂದವಾಗಿರುವುದು, ಮುಪ್ಪಿನ ಮರೆವು ಇವನ್ನು ಮೊದಲು ನೋಡಬೇಕು. ರಾತ್ರಿ ಎದ್ದು ಗೊತ್ತುಗುರಿಯಿಲ್ಲದೆ ಓಡಾಡುವುದು, ಗೋಡೆ ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುವುದು ಮರೆವಿನ ಗುರುತು.

ಹೊಸ ಮನೆಗೆ ಹೊಂದಿಕೊಳ್ಳದ ನಾಯಿ

ಮಣಿಪಾಲದಲ್ಲಿ ಓದು ಮುಗಿದ ವಿದ್ಯಾರ್ಥಿ ಬಿಟ್ಟುಹೋದ ನಾಯಿ, ಮಗ ಗಲ್ಫಿಗೆ ಹೊರಟ ಮೇಲೆ ಅಪ್ಪ ಅಮ್ಮನ ಪಾಲಿಗೆ ಬಂದ ನಾಯಿ, ಹೆಂಚಿನ ಮನೆ ಮಾರಿ ಮಂಗಳೂರಿನ ಕದ್ರಿಯಲ್ಲೋ ಬಿಜೈಯಲ್ಲೋ ಏಳನೇ ಮಾಳಿಗೆಗೆ ಬಂದ ನಾಯಿ – ಇವೆಲ್ಲ ಕಳೆದುಕೊಂಡವು. ಅಂಗಳ ಕಳೆದುಕೊಂಡಿದೆ, ವಾಸನೆ ಕಳೆದುಕೊಂಡಿದೆ, ಬಹಳ ಸಲ ತನ್ನ ಮನುಷ್ಯನನ್ನೇ ಕಳೆದುಕೊಂಡಿದೆ. ಇವು ಕೂಗಿದರೆ ಅದನ್ನು ರೋಗ ಎಂದು ಹೆಸರಿಡುವ ಮೊದಲು ಸಮಯ ಕೊಡಬೇಕು. ನಾಯಿ ದತ್ತು ಕೊಡುವವರು ಸಾಮಾನ್ಯವಾಗಿ ಹೇಳುವ ಲೆಕ್ಕ ಮೂರು ದಿನ, ಮೂರು ವಾರ, ಮೂರು ತಿಂಗಳು: ದಿಗಿಲು ಇಳಿಯಲು ಮೂರು ದಿನ, ಮನೆಯ ಕ್ರಮ ಅರಿಯಲು ಮೂರು ವಾರ, ಇದು ನನ್ನ ಮನೆ ಎನಿಸಲು ಮೂರು ತಿಂಗಳು. ಇದು ಅಂದಾಜು ಮಾತ್ರ. ಆದರೆ ಒಂದೇ ವಾರದಲ್ಲಿ "ಇದು ಆಗುವುದಿಲ್ಲ" ಎಂದು ವಾಪಸ್ ಕೊಡುವುದನ್ನು ತಡೆಯಲು ಈ ಅಂದಾಜು ಸಾಕು.

ಮೊದಲ ಮೂರು ದಿನ ಒಂದೇ ಕೋಣೆ, ಸ್ನಾನ ಬೇಡ, ನೆಂಟರನ್ನು ಕರೆದು ತೋರಿಸುವುದು ಬೇಡ. ಹಳೆಯ ಮನೆಯಿಂದ ಅದರ ಚಾಪೆ ಅಥವಾ ಹೊದಿಕೆ ತನ್ನಿ, ಒಗೆಯಬೇಡಿ. ರಾತ್ರಿ ನಿಮ್ಮ ಕೋಣೆಯಲ್ಲೇ ಮಲಗಿಸಿ. ಮಣ್ಣಂಗಳದಲ್ಲಿ ಬೆಳೆದ ನಾಯಿಗೆ ವಿಟ್ರಿಫೈಡ್ ಟೈಲ್ಸ್ ಜಾರುತ್ತದೆ. ಜಾರುವ ನೆಲದಲ್ಲಿ ನಿಂತ ನಾಯಿ ಯಾವಾಗಲೂ ಬಿಗಿಯಾಗಿಯೇ ಇರುತ್ತದೆ, ಆದ್ದರಿಂದ ಓಡಾಡುವ ದಾರಿಯಲ್ಲಿ ಗೋಣಿಚೀಲ ಹಾಸಿ. ಹಗಲು ಮೂರು ಗಂಟೆಗೊಮ್ಮೆ ಕೆಳಗೆ ಕರೆದೊಯ್ಯಿರಿ, ಏಕೆಂದರೆ ಬಾಲ್ಕನಿಯಲ್ಲಿ ಮಾಡಬಾರದು ಎಂದು ಅದಕ್ಕೆ ಯಾರೂ ಹೇಳಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪು, ಅದೂ ಪ್ರೀತಿಯಿಂದಲೇ ಆಗುವ ತಪ್ಪು: ಹದಿನೈದು ದಿನ ರಜೆ ಹಾಕಿ ಇಪ್ಪತ್ತನಾಲ್ಕು ಗಂಟೆ ಜೊತೆಗಿದ್ದು, ಹದಿನಾರನೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಮಾಯವಾಗುವುದು. ಎರಡನೆಯ ದಿನದಿಂದಲೇ ಕಸ ಹಾಕಿ ಬರುವಷ್ಟು, ಬಾವಿಕಟ್ಟೆಗೆ ಹೋಗಿ ಬರುವಷ್ಟು ಸಣ್ಣ ಅಗಲಿಕೆಗಳನ್ನು ರೂಢಿಸಿ.

ಚಿಕಿತ್ಸೆ: ಸೆಕೆಂಡುಗಳ ಲೆಕ್ಕ

ದೋಷ ಅಗಲಿಕೆಯ ಆತಂಕವೇ ಎಂದು ಖಚಿತವಾದರೆ ಮೊದಲ ನಿಯಮ ಕಷ್ಟದ್ದು: ಚಿಕಿತ್ಸೆ ನಡೆಯುವಷ್ಟು ಕಾಲ ನಾಯಿಯನ್ನು ಅದು ತಾಳುವ ಅವಧಿಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಬಾರದು. ಬೆಳಿಗ್ಗೆ ಹತ್ತು ಸೆಕೆಂಡಿನ ಅಭ್ಯಾಸ ಮಾಡಿಸಿ ಮಧ್ಯಾಹ್ನ ಐದು ಗಂಟೆ ಬಿಟ್ಟುಹೋದರೆ ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನ ಕುಸಿಯುತ್ತದೆ. ನೆರೆಮನೆಯ ನಿವೃತ್ತ ಮೇಷ್ಟ್ರು, ಅಕ್ಕನ ಮನೆ, ಪಾಳಿ ಬದಲಿಸಿಕೊಳ್ಳುವುದು, ಅಂಗಡಿಗೆ ಜೊತೆಯಲ್ಲೇ ಕರೆದೊಯ್ಯುವುದು, ಕಣ್ಣಾರೆ ನೋಡಿ ಒಪ್ಪಿದ ಬೋರ್ಡಿಂಗ್, ಯಾವುದಾದರೂ ಸೈ. ಕಾರಿನಲ್ಲಿ ಬಿಡುವುದು ಮಾತ್ರ ಬೇಡವೇ ಬೇಡ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಒಂದಿಷ್ಟು ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ.

ಫ್ಲ್ಯಾಟಿನಲ್ಲಿರುವವರು ಅಕ್ಕಪಕ್ಕದವರಿಗೆ ಮೊದಲೇ ವಿಷಯ ತಿಳಿಸಿ, ಇಂಥ ಚಿಕಿತ್ಸೆ ನಡೆಯುತ್ತಿದೆ ಎಂದು ಹೇಳಿ. ನಾಯಿ ಸಾಕುವುದನ್ನೇ ಅಸೋಸಿಯೇಶನ್ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೂ ಕಾನೂನು ತೋರಿಸುವುದಕ್ಕಿಂತ ಹೋಗಿ ಎರಡು ಮಾತಾಡಿ ಬರುವುದರಿಂದ ನಾಯಿಗೆ ಹೆಚ್ಚು ಉಪಕಾರ.

ಈಗ ಹೊರಡುವ ಸೂಚನೆಗಳು. ಕೀ ಗೊಂಚಲಿನ ಸದ್ದು, ಹೆಲ್ಮೆಟ್, ಸಾಕ್ಸ್, ಟಿಫಿನ್ ಡಬ್ಬಿಯ ಮುಚ್ಚಳ ಇವುಗಳಲ್ಲಿ ಯಾವುದಕ್ಕೆ ನಾಯಿ ತಲೆ ಎತ್ತುತ್ತದೆ ಎಂದು ಪಟ್ಟಿ ಮಾಡಿ. ಒಂದೊಂದನ್ನೇ ಅರ್ಥವಿಲ್ಲದ್ದಾಗಿ ಮಾಡಬೇಕು. ಕೀ ತೆಗೆದುಕೊಳ್ಳಿ, ಅಡುಗೆಮನೆಗೆ ಹೋಗಿ ಬನ್ನಿ, ಕೀ ಇಡಿ, ಕೂತು ಪೇಪರ್ ಓದಿ. ದಿನಕ್ಕೆ ನಾಲ್ಕೈದು ಸಲ, ನಡುವೆ ಸಾಕಷ್ಟು ಬಿಡುವು ಕೊಟ್ಟು. ಒಂದೇ ಉಸಿರಿಗೆ ಮೂವತ್ತು ಸಲ ಕೀ ಅಲ್ಲಾಡಿಸಿದರೆ ನಾಯಿ ಇನ್ನಷ್ಟು ಬೆದರುತ್ತದೆ.

ಬಾಗಿಲಿನ ಅಭ್ಯಾಸಕ್ಕೆ ದಿನಕ್ಕೊಂದು ಹೊತ್ತು, 15ರಿಂದ 20 ನಿಮಿಷ, ವಾರಕ್ಕೆ ಐದು ದಿನ ಸಾಕು. ಮೊದಲು ಚಿಲಕಕ್ಕೆ ಕೈ ಇಟ್ಟು ಹಿಂದೆ ಬನ್ನಿ. ಆಮೇಲೆ ಬಾಗಿಲು ತೆಗೆದು ಮುಚ್ಚಿ. ಆಮೇಲೆ ಹೊರಗೆ ಒಂದು ಹೆಜ್ಜೆ. ಆಮೇಲೆ ಹೊರಗೆ ಹೋಗಿ ಬಾಗಿಲು ಮುಚ್ಚಿ ಒಂದು ಸೆಕೆಂಡು. ಪ್ರತಿ ಸಲವೂ ನಾಯಿ ಸಡಿಲವಾದ ಮೇಲೆಯೇ ಮುಂದಿನದು. ಅವಧಿಯನ್ನು ಮೆಟ್ಟಿಲಿನಂತೆ ಏರಿಸುತ್ತ ಹೋಗಬೇಡಿ, ಏರಿಳಿಸಿ: 5, 12, 3, 18, 8, 20 ಸೆಕೆಂಡು. ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚಾಗುತ್ತದೆ ಎಂದು ನಾಯಿ ಬೇಗ ಕಂಡುಹಿಡಿಯುತ್ತದೆ, ಆಗ ಅಭ್ಯಾಸವೇ ಬೆದರಿಕೆಯಾಗುತ್ತದೆ.

ಫೋನಿನಲ್ಲಿ ನೋಡುತ್ತಿರಿ. ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವುದು, ಬಾಗಿಲನ್ನೇ ಮಿಸುಕದೆ ನೋಡುವುದು ಕಂಡರೆ ಕೂಗುವ ಮೊದಲೇ ಒಳಗೆ ಬನ್ನಿ, ನಾಳೆ ಅವಧಿ ಅರ್ಧಕ್ಕೆ ಇಳಿಸಿ. ಲೆಕ್ಕ ತಪ್ಪಿ ಕೂಗಿಬಿಟ್ಟರೂ ಒಳಗೆ ಬನ್ನಿ. "ಕೂಗಿದಾಗ ಬಂದರೆ ಕೂಗುವುದು ಚಟವಾಗುತ್ತದೆ" ಎಂಬ ಮಾತು ಹಟಕ್ಕೆ ಸರಿ, ದಿಗಿಲಿಗೆ ಸರಿಯಲ್ಲ. ಬಾವಿಗೆ ಬಿದ್ದವನು ಕೂಗು ನಿಲ್ಲಿಸಲಿ, ಆಮೇಲೆ ಹಗ್ಗ ಇಳಿಸೋಣ ಎಂದು ಯಾರೂ ಕಾಯುವುದಿಲ್ಲ.

ಅತಿ ನಿಧಾನದ ಭಾಗ ಮೊದಲ 30–40 ನಿಮಿಷ. ಅಲ್ಲಿಗೆ ಮುಟ್ಟಲು ಹಲವು ವಾರ ಹಿಡಿಯಬಹುದು, ಕೆಲವಕ್ಕೆ ತಿಂಗಳುಗಳು. ಅದು ದಾಟಿದ ಮೇಲೆ ಐದೈದು, ಹತ್ತು ಹತ್ತು ನಿಮಿಷ ಏರಿಸಬಹುದು. ಒಂದೂವರೆ ಗಂಟೆ ಹಾಯಾಗಿ ಮಲಗುವ ನಾಯಿ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗೆ ಬೇಗನೆ ಹೊಂದಿಕೊಳ್ಳುತ್ತದೆ.

ತಿಂಡಿಯ ಉಪಯೋಗ ಮತ್ತು ಮಿತಿ

ಟೊಳ್ಳು ರಬ್ಬರ್ ಆಟಿಕೆಗೆ ಎರಡು ಚಮಚ ಗಟ್ಟಿ ಕುಚ್ಚಲಕ್ಕಿ ಅನ್ನ, ಬೇಯಿಸಿ ಮುಳ್ಳು ಪೂರ್ತಿ ಬಿಡಿಸಿದ ಒಂದು ತುಂಡು ಬಂಗುಡೆ, ಒಂದು ಚಮಚ ಮೊಸರು ಕಲಸಿ ತುಂಬಿ ನಾಲ್ಕು ಗಂಟೆ ಫ್ರೀಜರಿನಲ್ಲಿಡಿ. ಉಪ್ಪು, ಮೆಣಸು, ಈರುಳ್ಳಿ ಬೇಡ. ಬೂತಾಯಿಯ ಸಣ್ಣ ಮುಳ್ಳು ಬಿಡಿಸುವುದು ಕಷ್ಟ, ಅದನ್ನು ಬಿಟ್ಟುಬಿಡಿ. ತೆಂಗಿನ ಗೆರಟೆಯನ್ನು ಅಗಿಯಲು ಕೊಡಬೇಡಿ, ಚೂರು ಒಡೆದು ಹೊಟ್ಟೆ ಸೇರುತ್ತದೆ.

ಬೇಸರಕ್ಕೆ ಇದು ಒಳ್ಳೆಯ ಮದ್ದು. ಆತಂಕಕ್ಕೆ ಇದು ಮದ್ದಲ್ಲ, ಅಳೆಯುವ ಸಾಧನ: ನೀವಿದ್ದಾಗ ನೆಕ್ಕುವ ನಾಯಿ ನೀವು ಹೋದ ಮೇಲೆ ಮುಟ್ಟದಿದ್ದರೆ ಭಯ ಹಸಿವನ್ನು ಮೀರಿದೆ ಎಂದರ್ಥ. ಹೊರಡುವಾಗ ಮಾತ್ರ ಕೊಟ್ಟರೆ ಆ ಆಟಿಕೆ ಕಂಡರೇ ನಾಯಿ ನಡುಗುವ ದಿನ ಬರುತ್ತದೆ. ಮನೆಯಲ್ಲಿದ್ದಾಗಲೂ ಕೊಡಿ.

ಕೆಲಸ ಮಾಡದ ಪರಿಹಾರಗಳು

ಬೈಯುವುದು, ಹೊಡೆಯುವುದು. ಬಂದಾಗ ನಾಯಿ ತಲೆ ತಗ್ಗಿಸಿ "ತಪ್ಪಾಯಿತು" ಎಂಬಂತೆ ನಿಲ್ಲುವುದು ನಿಮ್ಮ ಮುಖ ನೋಡಿ. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ನೋಟ ಯಜಮಾನರ ಬೈಗುಳವನ್ನು ಅನುಸರಿಸಿತ್ತು, ನಾಯಿ ನಿಜವಾಗಿ ತಪ್ಪು ಮಾಡಿತ್ತೇ ಎಂಬುದನ್ನಲ್ಲ. ಬೈದರೆ ನಾಯಿಗೆ ಎರಡು ಭಯ: ನೀವು ಹೋಗುವುದು ಮತ್ತು ನೀವು ಬರುವುದು.

ಇನ್ನೊಂದು ನಾಯಿ. ಆತಂಕ ಮನುಷ್ಯನ ಅಗಲಿಕೆಯದ್ದಾದರೆ ಜೊತೆಗಾರ ನಾಯಿಯಿಂದ ಹೆಚ್ಚಾಗಿ ಪ್ರಯೋಜನ ಆಗುವುದಿಲ್ಲ. ಬೊಗಳಿದರೆ ಶಾಕ್ ಕೊಡುವ ಪಟ್ಟಿ ಕ್ರೌರ್ಯ. ಸದ್ದು ನಿಂತರೂ ಗಾಬರಿ ಒಳಗೇ ಉಳಿದು ಬಾಗಿಲು ಕೆರೆಯುವುದರಲ್ಲೋ ತನ್ನ ಕಾಲನ್ನೇ ಕಚ್ಚುವುದರಲ್ಲೋ ಹೊರಬರುತ್ತದೆ. ಟಿವಿ, ರೇಡಿಯೊ ಹಾಕಿಡುವುದರಿಂದ ಹೊರಗಿನ ಸದ್ದು ಮುಚ್ಚಲು ಸ್ವಲ್ಪ ಸಹಾಯ, ಅಷ್ಟೇ.

ಔಷಧ

ಒಂದು ಸೆಕೆಂಡಿನ ಅಭ್ಯಾಸಕ್ಕೂ ನಾಯಿ ಸಡಿಲವಾಗದಿದ್ದರೆ, ಅಥವಾ ಒಂಟಿಯಾಗಿ ಬಿಡದೆ ನಿಮಗೆ ಬೇರೆ ದಾರಿಯೇ ಇಲ್ಲದಿದ್ದರೆ, ಔಷಧದ ಬಗ್ಗೆ ಪಶುವೈದ್ಯರಲ್ಲಿ ಕೇಳಿ. ಅದನ್ನು ಸೋಲು ಎಂದುಕೊಳ್ಳಬೇಡಿ. ನಾಯಿಯ ಅಗಲಿಕೆಯ ಆತಂಕಕ್ಕೆಂದೇ ಅಮೆರಿಕದಲ್ಲಿ ಕ್ಲೋಮಿಪ್ರಮೈನ್ 1998ರಲ್ಲಿ, ಫ್ಲುವೊಕ್ಸೆಟಿನ್ 2007ರಲ್ಲಿ ಅಂಗೀಕಾರ ಪಡೆದಿವೆ. ಪರಿಣಾಮ ಕಾಣಲು ನಾಲ್ಕರಿಂದ ಎಂಟು ವಾರ ಬೇಕು, ಅಭ್ಯಾಸವನ್ನೂ ಜೊತೆಗೆ ಮುಂದುವರಿಸಬೇಕು, ಏಕಾಏಕಿ ನಿಲ್ಲಿಸಬಾರದು. ಮನೆಯಲ್ಲಿರುವ ಅಜ್ಜನ ನಿದ್ದೆ ಮಾತ್ರೆ ಕೊಡಬೇಡಿ. ಅಸೆಪ್ರೊಮಜೈನ್ ಎಂಬ ಮಂಪರಿನ ಔಷಧ ಒಂದನ್ನೇ ಕೊಟ್ಟರೆ ಮೈ ಮಲಗುತ್ತದೆ, ಭಯ ಎದ್ದೇ ಇರುತ್ತದೆ.

ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಅಪಾಯ ಒಂದಿದೆ. ಉಣ್ಣಿಗೆ ಹಚ್ಚುವ ಅಮಿಟ್ರಾಜ್ ದ್ರಾವಣ ಅಥವಾ ಅಮಿಟ್ರಾಜ್ ಇರುವ ಪಟ್ಟಿ, ಮುಪ್ಪಿನ ಮರೆವಿಗೆ ಕೊಡುವ ಸೆಲೆಜಿಲಿನ್, ಇವು ಕ್ಲೋಮಿಪ್ರಮೈನ್ ಅಥವಾ ಫ್ಲುವೊಕ್ಸೆಟಿನ್ ಜೊತೆ ಸೇರಬಾರದು. ಉಣ್ಣಿಗೆ ಏನು ಹಾಕುತ್ತಿದ್ದೀರಿ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ, ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಮಳೆ ಶುರುವಾದಾಗ ಮರುಕಳಿಸಿದರೆ

ಮೇ ಕೊನೆಗೆ ಎರಡು ಗಂಟೆ ನೆಮ್ಮದಿಯಾಗಿ ಇರುತ್ತಿದ್ದ ನಾಯಿ ಜೂನ್ ಎರಡನೇ ವಾರ ಮತ್ತೆ ಊಳಿಟ್ಟರೆ ಎದೆಗುಂದಬೇಡಿ, ಬಾಗಿಲು ನೋಡಿ. ಮಳೆಗೆ ಮರದ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ಮೆಲ್ಲಗೆ ಮುಚ್ಚುತ್ತಿದ್ದದ್ದು ಈಗ ಜೋರಾಗಿ ಎಳೆದಾಗ ಧಡ್ ಎನ್ನುತ್ತದೆ. ಜೊತೆಗೆ ಮೊಳೆಯಿಂದ ರೈನ್‌ಕೋಟ್ ಇಳಿಸುವ ಸರಬರ ಸದ್ದು, ಕೊಡೆ ಬಿಚ್ಚುವ ಸದ್ದು. ಇವೆಲ್ಲ ನಾಯಿ ಅಭ್ಯಾಸ ಮಾಡದ ಹೊಸ ಸೂಚನೆಗಳು. ಆಚಾರಿಯನ್ನು ಕರೆದು ಬಾಗಿಲಿನ ಅಂಚನ್ನು ಸ್ವಲ್ಪ ಹತ್ತರಿ ಹೊಡೆಸಿ. ರೈನ್‌ಕೋಟ್ ಹಾಕಿಕೊಂಡು ಹತ್ತು ನಿಮಿಷ ಮನೆಯೊಳಗೇ ಓಡಾಡಿ, ಹಾಗೆಯೇ ಕೂತು ಚಾ ಕುಡಿಯಿರಿ. ಆಮೇಲೆ ಕ್ಯಾಮೆರಾ ಇಟ್ಟು ಹೊಸದಾಗಿ ಅಳೆಯಿರಿ. ಹಿಂದಿನ ಅವಧಿಯ ಕಾಲುಭಾಗದಿಂದ ಮತ್ತೆ ಶುರು ಮಾಡಿದರೆ ಈ ಸಲ ಹೆಚ್ಚಿನ ನಾಯಿಗಳು ಮೊದಲಿಗಿಂತ ಬೇಗ ಮೇಲೆ ಬರುತ್ತವೆ.